ಬರವಣಿಗೆಯ ತರಗತಿಯಲ್ಲಿ ವಿದ್ಯಾರ್ಥಿಯ ಪಾಲು



ವೇಳಾಪಟ್ಟಿಯಲ್ಲಿ ‘ಪ್ರಬಂಧ’ ಎಂದು ಬರೆದಿರುವ ತಾಸು ಬಂದಿತೆಂದರೆ ನಮ್ಮ ತರಗತಿಯಲ್ಲಿ ಒಂದು ಬಗೆಯ ಮೌನವು ಆವರಿಸುವುದನ್ನು ನೀವು ಕಂಡಿರಬಹುದು. ಗಣಿತದ ತಾಸಿನಲ್ಲಿ ನಾ ಮುಂದು ತಾ ಮುಂದು ಎಂದು ಕೈಯೆತ್ತುವ ಹುಡುಗರೂ, ಆಟದ ಬಿಡುವಿನಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಕೇಳಗೊಡದ ಹುಡುಗಿಯರೂ ಆಗ ತಲೆ ತಗ್ಗಿಸಿ ವಹಿಯ ಪುಟವನ್ನೇ ನೋಡುತ್ತ ಕುಳಿತುಬಿಡುತ್ತಾರೆ. ಪ್ರಬಂಧವೆಂದರೆ ಗುರುಗಳು ಹೇಳುವುದು, ನಾವು ಬರೆದುಕೊಳ್ಳುವುದು, ಪರೀಕ್ಷೆಯಲ್ಲಿ ಅದನ್ನೇ ತಿರುಗಿ ಬರೆಯುವುದು, ಇಷ್ಟೇ ಎಂಬ ನಂಬಿಕೆಯು ಬಹುಜನರಲ್ಲಿ ಬೇರೂರಿದೆ. ಈ ನಂಬಿಕೆ ತಪ್ಪೆಂಬುದನ್ನೂ, ಬರವಣಿಗೆಯ ತರಗತಿಯಲ್ಲಿ ವಿದ್ಯಾರ್ಥಿಗೆ ಗುರುವಿನಷ್ಟೇ ಕೆಲಸವಿದೆ ಎಂಬುದನ್ನೂ ಈ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇನೆ.

ಇದನ್ನು ಈಗಲೇ ಹೇಳುವುದಕ್ಕೆ ಕಾರಣವಿದೆ. ನಿಮ್ಮಲ್ಲಿ ಅನೇಕರು ಇನ್ನೊಂದೆರಡು ವರ್ಷಗಳಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ ಕಾಲೇಜಿನ ಮೆಟ್ಟಿಲನ್ನು ಹತ್ತುವವರು. ಅಲ್ಲಿ ಬರವಣಿಗೆಯೂ ಮಾತೂ ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುತ್ತವೆ. ಕನ್ನಡ ಶಾಲೆಯಲ್ಲಿ ಮುಂದಿನ ಬಾಕಿನಲ್ಲಿ ಕುಳಿತಿದ್ದ ಮಕ್ಕಳು ಅಲ್ಲಿಗೆ ಹೋದೊಡನೆ ಹಿಂದಿನ ಬಾಕಿಗೆ ಸರಿದು ಮೂಕರಾಗುವುದನ್ನು ನಾನು ಕಂಡಿದ್ದೇನೆ. ಕಂಡಿದ್ದೇನೆ ಎಂದರೆ ಸಾಲದು, ನಾನೂ ಹಾಗೆ ಮೂಕನಾಗಿದ್ದವನೇ.

ನನ್ನದೊಂದು ಅನುಭವ

ನಾನು ವಿಜಯಪುರ ಜಿಲ್ಲೆಯಲ್ಲಿ ಡೋಣಿ ನದಿಯ ದಂಡೆಯ ಒಂದು ಹಳ್ಳಿಯವನು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ ಈ ಮುಂಬಯಿ ನಗರಕ್ಕೆ ಬಂದೆ. ಹಗಲಿನಲ್ಲಿ ಒಂದು ಕ್ಯಾಂಟೀನಿನಲ್ಲಿ ಲೆಕ್ಕ ಬರೆಯುವ ಕೆಲಸ, ಸಂಜೆಯ ಮೇಲೆ ರಾತ್ರಿ ಕಾಲೇಜು. ಅಲ್ಲಿ ವಾರಕ್ಕೆ ಎರಡು ದಿನ ಇಂಗ್ಲಿಷ್ ಬರವಣಿಗೆಯ ತರಗತಿಯಿರುತ್ತಿತ್ತು. ನಮ್ಮ ಪ್ರಾಧ್ಯಾಪಕರು ಒಳ್ಳೆಯವರು. ಅವರು ಉಪನ್ಯಾಸ ಮಾಡುತ್ತಿದ್ದುದು ಕಡಿಮೆ. ಒಂದು ವಿಷಯವನ್ನು ಕೊಟ್ಟು, ಬರೆಯಲು ಹೇಳಿ, ಬಳಿಕ ಇಬ್ಬಿಬ್ಬರು ಕೂಡಿ ಓದಿಕೊಳ್ಳಿರಿ ಎನ್ನುತ್ತಿದ್ದರು. ನಾನು ಕಂಬದ ಮರೆಯ ಬಾಕನ್ನು ಹುಡುಕಿಕೊಂಡಿದ್ದೆ. ಮೊದಲಿನ ಐದು ತಿಂಗಳಲ್ಲಿ ಹಾಜರಿ ಕರೆದಾಗ ‘ಎಸ್ ಸರ್’ ಎಂದುದನ್ನು ಬಿಟ್ಟರೆ ಆ ತರಗತಿಯಲ್ಲಿ ನಾನು ಬೇರೊಂದು ಮಾತನ್ನಾಡಲಿಲ್ಲ.

ಒಂದು ದಿನ ‘ನನ್ನ ಊರು’ ಎಂಬ ವಿಷಯವನ್ನು ಕೊಟ್ಟರು. ಹಳೆಯ ಗೈಡೊಂದರಿಂದ ಕಂಠಪಾಠ ಮಾಡಿದ್ದುದನ್ನು ನಾನು ಇಳಿಸಿದೆ. ಅದರಲ್ಲಿ ತಿಳಿನೀರಿನ ನದಿಯಿತ್ತು, ಮಾವಿನ ತೋಪಿತ್ತು, ಹಸಿರು ಗುಡ್ಡವೂ ಇತ್ತು. ನಮ್ಮ ಡೋಣಿಯ ನೀರು ಸವಳು, ಊರಿನ ಸುತ್ತಲೂ ಕಪ್ಪು ಎರೆಯ ಬಯಲು, ಗುಡ್ಡವೆಂಬುದು ಕಣ್ಣಳತೆಯಲ್ಲಿಲ್ಲ. ಆ ದಿನ ತಡವಾಗಿ ಬಂದ ಸಹಪಾಠಿಯೊಬ್ಬನು ನನ್ನ ಪಕ್ಕದಲ್ಲಿ ಬಂದು ಕುಳಿತನು. ಅವನು ಮರಾಠಿ ಮಾಧ್ಯಮದಲ್ಲಿ ಓದಿದವನು, ಹಗಲಿನಲ್ಲಿ ಒಂದು ಮುದ್ರಣಾಲಯದಲ್ಲಿ ದುಡಿಯುತ್ತಿದ್ದವನು. ಗತ್ಯಂತರವಿಲ್ಲದೆ ನನ್ನ ಬರಹವನ್ನು ಅವನ ಮುಂದಿಟ್ಟೆ. ಅವನು ಓದಿ, “ನಿಮ್ಮ ಊರಿನಲ್ಲಿ ಚಳಿಗಾಲದಲ್ಲಿ ಏನು ತಿನ್ನುತ್ತೀರಿ?” ಎಂದು ಹಿಂದಿಯಲ್ಲಿ ಕೇಳಿದನು. “ಸೀತನಿ” ಎಂದೆ. “ಹಾಗೆಂದರೇನು?” ಎಂದನು.

ಅವನಿಗೆ ನಾನು ಹೇಳತೊಡಗಿದೆ. ಬಿಳಿಜೋಳದ ತೆನೆ ಹಾಲುಗಾಳಾಗಿರುವಾಗ ಹೊಲದಲ್ಲಿಯೇ ಕುಳ್ಳಿನ ಬೆಂಕಿ ಮಾಡಿ ಅದನ್ನು ಸುಡುವುದು, ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ ಕಾಳು ಉದುರಿಸುವುದು, ಕಂಬಳಿಯ ಮೇಲೆ ಹರಡಿ ಎಲ್ಲರೂ ಕೂಡಿ ತಿನ್ನುವುದು, ಮನೆಗೆ ಬಂದಾಗ ಅಂಗೈಯೂ ತುಟಿಯೂ ಕಪ್ಪಾಗಿರುವುದು, ಇದನ್ನೆಲ್ಲ ಹೇಳುವಷ್ಟರಲ್ಲಿ ಹತ್ತು ನಿಮಿಷ ಕಳೆದುದು ನನಗೆ ತಿಳಿಯಲಿಲ್ಲ. ಅವನು ನನ್ನ ಕಾಗದವನ್ನು ತೋರಿಸಿ, “ಇದು ಇದರಲ್ಲಿ ಏಕೆ ಇಲ್ಲ?” ಎಂದನು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ಕೋಣೆಗೆ ಬಂದು ಅರ್ಧ ಪುಟ ಬರೆದೆ. ತಪ್ಪುಗಳು ಹಲವಿದ್ದವು. ಮುಂದಿನ ತರಗತಿಯಲ್ಲಿ ಅದನ್ನು ನಾನೇ ಎದ್ದು ನಿಂತು ಓದಿದೆ. ಆದರೆ ಕಳೆದ ಐದು ತಿಂಗಳು ಮರಳಿ ಬರಲಿಲ್ಲ. ಆ ವರ್ಷ ಆ ವಿಷಯದಲ್ಲಿ ನಾನು ಅನುತ್ತೀರ್ಣನಾದೆ. ಮರುವರ್ಷ ಮತ್ತೆ ಶುಲ್ಕ ಕಟ್ಟಿ ಪರೀಕ್ಷೆಗೆ ಕುಳಿತು ತೇರ್ಗಡೆಯಾಗಬೇಕಾಯಿತು. ಬಡವನಾದ ದುಡಿಯುವ ವಿದ್ಯಾರ್ಥಿಗೆ ಒಂದು ವರ್ಷದ ಬೆಲೆಯೇನೆಂಬುದು ನಿಮ್ಮಲ್ಲಿ ಹಲವರ ಮನೆಯವರಿಗೆ ಗೊತ್ತು. ನನಗೆ ಬುದ್ಧಿ ಕಡಿಮೆಯಿತ್ತೆಂದಾಗಲಿ ಗುರುಗಳು ಕಲಿಸಲಿಲ್ಲವೆಂದಾಗಲಿ ನಾನು ಹೇಳಲಾರೆ. ತರಗತಿಯಲ್ಲಿ ನನ್ನ ಪಾಲಿನ ಕೆಲಸವನ್ನು ನಾನು ಮಾಡಲಿಲ್ಲ, ಅಷ್ಟೇ.

ಮೌನಕ್ಕೆ ಕಾರಣಗಳು

ಬರವಣಿಗೆಯ ತರಗತಿಯಲ್ಲಿ ವಿದ್ಯಾರ್ಥಿಯ ಬಾಯಿ ಕಟ್ಟಿಹೋಗುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳುಂಟು.

ಮೊದಲನೆಯದು, ತಪ್ಪಿನ ಭಯ. ಕಾಗುಣಿತ ತಪ್ಪಿದರೆ, ವಾಕ್ಯ ಮುರಿದರೆ ಏನು ಗತಿಯೆಂದು ನಾವು ಹೆದರುತ್ತೇವೆ. ಈ ಭಯವು ನಮಗೊಬ್ಬರಿಗೇ ಇರುವುದೆಂದು ತಿಳಿಯಬೇಡಿರಿ. ಅಮೆರಿಕದ ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯವು 1970ರಲ್ಲಿ ಆ ನಗರದ ಪ್ರೌಢಶಾಲೆಯಲ್ಲಿ ತೇರ್ಗಡೆಯಾದ ಎಲ್ಲರಿಗೂ ತನ್ನ ಕಾಲೇಜುಗಳ ಬಾಗಿಲನ್ನು ತೆರೆಯಿತು. ಬಡವರ, ಕರಿಯರ, ವಲಸೆ ಬಂದವರ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಒಳಗೆ ಬಂದರು. ಅವರ ಬರಹದಲ್ಲಿದ್ದ ತಪ್ಪುಗಳನ್ನು ಕಂಡು ಇವರಿಗೆ ಕಾಲೇಜು ವಿದ್ಯೆ ಹತ್ತದೆಂದು ಕೆಲವರು ಕೈಚೆಲ್ಲಿದರು. ಅಲ್ಲಿಯ ಸಿಟಿ ಕಾಲೇಜಿನಲ್ಲಿ ಬರವಣಿಗೆಯನ್ನು ಕಲಿಸುತ್ತಿದ್ದ ಮಿನಾ ಶಾನೆಸಿ ಎಂಬ ಅಧ್ಯಾಪಕಿ ಹಾಗೆ ಮಾಡಲಿಲ್ಲ. ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಬರೆದಿದ್ದ ಸುಮಾರು 4,000 ಪ್ರಬಂಧಗಳನ್ನು ಓದಿ ಪರಿಶೀಲಿಸಿದರು. ಅವರು 1977ರಲ್ಲಿ ಪ್ರಕಟಿಸಿದ ಗ್ರಂಥದ ತಾತ್ಪರ್ಯವಿಷ್ಟು: ಈ ತಪ್ಪುಗಳು ಬುದ್ಧಿಯ ಮಂದತೆಯಿಂದಾದವಲ್ಲ, ಬರೆದು ರೂಢಿಯಿಲ್ಲದವನು ಹೊಸ ಭಾಷಾರೂಪವನ್ನು ಕಲಿಯುವಾಗ ತನ್ನದೇ ಒಂದು ನಿಯಮವನ್ನು ಕಟ್ಟಿಕೊಂಡು ನಡೆಯುತ್ತಾನೆ, ಆ ನಿಯಮ ಯಾವುದೆಂದು ಗುರುವೂ ಶಿಷ್ಯನೂ ಕೂಡಿ ಕಂಡುಕೊಂಡರೆ ತಪ್ಪು ತಿದ್ದಿಕೊಳ್ಳಬಲ್ಲುದು. ಇದರಿಂದ ತಿಳಿಯಬೇಕಾದುದೇನು? ಮುಚ್ಚಿಟ್ಟ ತಪ್ಪನ್ನು ಯಾರೂ ತಿದ್ದಲಾರರು. ಹೊರಗಿಟ್ಟ ತಪ್ಪಿಗೆ ಮಾತ್ರ ಮದ್ದು ಉಂಟು.

ಎರಡನೆಯದು, ನಗೆಯ ಭಯ. ಓದಿದರೆ ಗೆಳೆಯರು ನಗುತ್ತಾರೆ ಎಂಬುದು. ಈ ಭಯವು ಕೆಲವು ಸಲ ನಿಜವೂ ಆಗುತ್ತದೆ. ಆದುದರಿಂದ ಇದರ ಪರಿಹಾರವು ಓದುವವನ ಧೈರ್ಯದಲ್ಲಿರುವಷ್ಟೇ ಕೇಳುವವರ ಸೌಜನ್ಯದಲ್ಲಿಯೂ ಇದೆ. ಇಂದು ನೀವು ನಕ್ಕ ಗೆಳೆಯನು ನಾಳೆ ತನ್ನ ವಹಿಯನ್ನು ತೆರೆಯಲಾರನು.

ಮೂರನೆಯದು, ಭಾಷೆಯ ಕೀಳರಿಮೆ. ನಮ್ಮ ಮಕ್ಕಳಲ್ಲಿ ಹಲವರ ಮನೆಮಾತು ತುಳು, ಕೊಂಕಣಿ, ಬ್ಯಾರಿ. ಕೆಲವರದು ಕಲಬುರಗಿ, ರಾಯಚೂರುಗಳ ಕಡೆಯ ಕನ್ನಡ. ಓಣಿಯಲ್ಲಿ ಹಿಂದಿ ಮರಾಠಿ, ಪುಸ್ತಕದಲ್ಲಿ ಗ್ರಂಥದ ಕನ್ನಡ. ಹೀಗಾಗಿ “ನನ್ನ ಮಾತು ಪುಸ್ತಕದ ಹಾಗಿಲ್ಲ” ಎಂದು ಮಗು ಅಳುಕುತ್ತದೆ. ಸುಮಾರು ಕ್ರಿ. ಶ. 850ರಲ್ಲಿ ರಚಿತವಾದ ‘ಕವಿರಾಜಮಾರ್ಗ’ವು ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಗ್ರಂಥ. ಓದಿದವರಷ್ಟೇ ಅಲ್ಲದೆ ಉಳಿದ ಜನರೂ ತಮ್ಮ ತಮ್ಮ ನುಡಿಯಲ್ಲಿ ಜಾಣರು, ಕಿರಿಯ ಮಕ್ಕಳಿಗೂ ಮಾತಿನ ವಿವೇಕವುಂಟು ಎಂಬ ಅಭಿಪ್ರಾಯವು ಆ ಗ್ರಂಥದಲ್ಲಿಯೇ ಇದೆ. ಹನ್ನೊಂದು ಶತಮಾನಗಳ ಹಿಂದೆ ಅರಮನೆಯ ಆಶ್ರಯದಲ್ಲಿ ಹುಟ್ಟಿದ ಗ್ರಂಥವೇ ನಮ್ಮ ನುಡಿಗೆ ಇಷ್ಟು ಮನ್ನಣೆ ಕೊಟ್ಟಿರುವಾಗ ನಾವು ನಾಚುವುದೇಕೆ?

ಪಾಲ್ಗೊಳ್ಳುವುದೆಂದರೇನು?

ತರಗತಿಯಲ್ಲಿ ಪಾಲ್ಗೊಳ್ಳುವುದೆಂದರೆ ಗಟ್ಟಿಯಾಗಿ ಮಾತನಾಡುವುದೆಂದು ಕೆಲವರು ತಿಳಿಯುತ್ತಾರೆ. ಅದು ಅರ್ಧ ಸತ್ಯ. ಬರವಣಿಗೆಯ ತರಗತಿಯಲ್ಲಿ ವಿದ್ಯಾರ್ಥಿಯ ಕೆಲಸವು ಐದು ವಿಧವಾಗಿದೆ.

1. ಬರೆಯುವ ಮೊದಲು ಮಾತನಾಡುವುದು. ವಿಷಯವನ್ನು ಕೊಟ್ಟೊಡನೆ ಲೇಖನಿಯನ್ನು ಹಿಡಿಯದೆ, ಆ ವಿಷಯದಲ್ಲಿ ತನಗೆ ಸ್ವತಃ ಗೊತ್ತಿರುವುದೇನು ಎಂಬುದನ್ನು ಪಕ್ಕದವನಿಗೆ ಹೇಳಬೇಕು. ಮೊದಲು ಒಬ್ಬನೇ ಯೋಚಿಸು, ಆಮೇಲೆ ಜೊತೆಗಾರನೊಡನೆ ಮಾತನಾಡು, ಆಮೇಲೆ ತರಗತಿಗೆಲ್ಲ ಹೇಳು ಎಂಬ ಮೂರು ಮೆಟ್ಟಿಲುಗಳ ಕ್ರಮವನ್ನು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಫ್ರಾಂಕ್ ಲೈಮನ್ ಎಂಬವರು 1981ರಲ್ಲಿ ಮುಂದಿಟ್ಟರು. ಇಂದು ಅನೇಕ ದೇಶಗಳ ಕಾಲೇಜುಗಳಲ್ಲಿ ಅದು ರೂಢಿಯಲ್ಲಿದೆ. ಅರವತ್ತು ಜನರ ಎದುರಿಗೆ ನಡುಗುವವನು ಒಬ್ಬನ ಎದುರಿಗೆ ನಡುಗುವುದಿಲ್ಲ. ಒಬ್ಬನಿಗೆ ಹೇಳಿದ ಮಾತನ್ನೇ ಎಲ್ಲರಿಗೂ ಹೇಳುವುದು ಆಗ ಸುಲಭವಾಗುತ್ತದೆ.

2. ನಿಲ್ಲದೆ ಬರೆಯುವುದು. ಹತ್ತು ನಿಮಿಷಗಳವರೆಗೆ ತಪ್ಪು ಒಪ್ಪು ನೋಡದೆ, ಹೊಡೆದುಹಾಕದೆ, ಮನಸ್ಸಿಗೆ ಬಂದುದನ್ನು ಬರೆಯುತ್ತ ಹೋಗಬೇಕು. ಪೀಟರ್ ಎಲ್ಬೊ ಎಂಬ ಅಮೆರಿಕದ ಅಧ್ಯಾಪಕರು 1973ರಲ್ಲಿ ಬರೆದ ಪುಸ್ತಕದಲ್ಲಿ ಈ ಅಭ್ಯಾಸವನ್ನು ವಿಸ್ತಾರವಾಗಿ ಹೇಳಿದ್ದಾರೆ. ಅವರು ಸ್ವತಃ ವಿದ್ಯಾರ್ಥಿಯಾಗಿದ್ದಾಗ ಬರೆಯಲಾರದೆ ಉನ್ನತ ವ್ಯಾಸಂಗವನ್ನು ನಡುವೆ ಬಿಟ್ಟು ಬಂದವರು. ಆದುದರಿಂದಲೇ ಬರೆಯಲಾಗದವರ ಕಷ್ಟ ಅವರಿಗೆ ತಿಳಿದಿತ್ತು. ಬರೆಯುವುದೂ ತಿದ್ದುವುದೂ ಎರಡು ಬೇರೆ ಕೆಲಸಗಳು, ಎರಡನ್ನೂ ಏಕಕಾಲಕ್ಕೆ ಮಾಡಹೊರಟರೆ ಕೈ ಕಟ್ಟಿಹೋಗುತ್ತದೆ ಎಂಬುದು ಅವರ ಅಭಿಪ್ರಾಯ.

3. ಓದಿ ಹೇಳುವುದು. ಬರೆದುದನ್ನು ತಾನೇ ಗಟ್ಟಿಯಾಗಿ ಓದಬೇಕು. ಕಣ್ಣಿಗೆ ಕಾಣದ ದೋಷವು ಕಿವಿಗೆ ಕೇಳಿಸುತ್ತದೆ. ಉಸಿರು ಸಾಲದೆ ಹೋದಲ್ಲಿ ವಾಕ್ಯ ಉದ್ದವಾಗಿದೆ. ನಾಲಗೆ ತೊಡರಿದಲ್ಲಿ ಪದವೊಂದು ತಪ್ಪಿದೆ.

4. ಕೇಳುವುದು. ಇದು ಎಲ್ಲಕ್ಕಿಂತ ಕಠಿಣ. ಕೇಳುವವನು “ಚೆನ್ನಾಗಿದೆ” ಎಂದು ಸುಮ್ಮನಾಗಬಾರದು, “ಚೆನ್ನಾಗಿಲ್ಲ” ಎಂದೂ ಹೇಳಬಾರದು. ಎರಡರಿಂದಲೂ ಬರೆದವನಿಗೆ ಉಪಯೋಗವಿಲ್ಲ. ಕೇಳುವವನು ಮೂರು ಮಾತು ಹೇಳಲಿ: ಯಾವ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು, ಎಲ್ಲಿ ನನಗೆ ತಿಳಿಯಲಿಲ್ಲ, ಇನ್ನೇನನ್ನು ತಿಳಿಯಬೇಕೆಂಬ ಆಸೆ ನನಗಾಯಿತು.

5. ತಿರುಗಿ ಬರೆಯುವುದು. ಕೇಳಿದ ಪ್ರಶ್ನೆಗಳಿಗೆ ಬಾಯಲ್ಲಿ ಉತ್ತರ ಕೊಟ್ಟು ಮುಗಿಸಬಾರದು. ಆ ಉತ್ತರಗಳು ಬರಹದೊಳಗೆ ಬರಬೇಕು. ಪ್ರಬಂಧವು ಓದುಗನ ಕೈಗೆ ಹೋದಾಗ ನೀವು ಅದರ ಪಕ್ಕದಲ್ಲಿ ನಿಂತು ವಿವರಿಸಲಾರಿರಿ.

ಇಲ್ಲಿ ಗುರುಗಳ ಪಾಲಿನದೊಂದು ಮಾತನ್ನೂ ಹೇಳಬೇಕು. ಮೇರಿ ಬಡ್ ರೋ ಎಂಬ ವಿದುಷಿಯು ತರಗತಿಗಳ ಪಾಠವನ್ನು ಧ್ವನಿಮುದ್ರಿಸಿ ಅಭ್ಯಸಿಸಿ, ಪ್ರಶ್ನೆ ಕೇಳಿದ ಶಿಕ್ಷಕನು ಉತ್ತರಕ್ಕಾಗಿ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾನೆಂದು 1970ರ ದಶಕದಲ್ಲಿ ತೋರಿಸಿಕೊಟ್ಟರು. ಆ ಕಾಯುವಿಕೆಯನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ಉದ್ದವಾದವು, ಹಿಂದೆ ಬಾಯಿಬಿಡದ ಮಕ್ಕಳೂ ಮಾತನಾಡಿದರು, ಮಕ್ಕಳೇ ಪ್ರಶ್ನೆ ಕೇಳತೊಡಗಿದರು. ಇದನ್ನು ಓದಿದ ಬಳಿಕ ನಾನು ಪ್ರಶ್ನೆ ಕೇಳಿ ಮನಸ್ಸಿನಲ್ಲಿ ಮೂರು ಎಣಿಸುತ್ತೇನೆ. ಆ ಮೂರು ಎಣಿಕೆ ನಿಮ್ಮದು. ಅದನ್ನು ಹಾಳುಮಾಡಬೇಡಿರಿ.

ಒಂದು ಉದಾಹರಣೆ

ತತ್ತ್ವವನ್ನು ಹೇಳಿದರೆ ಸಾಲದು, ಪ್ರಯೋಗವನ್ನೂ ತೋರಿಸಬೇಕು. ‘ನೀರು’ ಎಂಬ ವಿಷಯವನ್ನು ಕೊಟ್ಟಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹೀಗೆ ಬರೆದಿದ್ದಳು:

“ನೀರು ಎಲ್ಲ ಜೀವಿಗಳಿಗೂ ಅತ್ಯಗತ್ಯ. ನೀರಿಲ್ಲದೆ ಯಾರೂ ಬದುಕಲಾರರು. ನಮ್ಮ ಚಾಳಿನಲ್ಲಿ ಒಂದು ನಲ್ಲಿ ಇದೆ. ಅದರಲ್ಲಿ ಬೆಳಿಗ್ಗೆ ನೀರು ಬರುತ್ತದೆ. ಎಲ್ಲರೂ ತುಂಬಿಕೊಳ್ಳುತ್ತಾರೆ. ಆದ್ದರಿಂದ ನಾವು ನೀರನ್ನು ಮಿತವಾಗಿ ಬಳಸಬೇಕು.”

ಇದರಲ್ಲಿ ಒಂದೂ ತಪ್ಪಿಲ್ಲ. ಆದರೆ ಇದನ್ನು ಯಾವ ಊರಿನ ಯಾವ ಮಗುವಾದರೂ ಬರೆಯಬಹುದಾಗಿತ್ತು. ಅವಳ ಜೊತೆಗಾತಿಯು ಕೇಳಿದ ಪ್ರಶ್ನೆಗಳು ಇವು: “ಎಷ್ಟು ಮನೆಗೆ ಒಂದು ನಲ್ಲಿ? ನೀರು ಎಷ್ಟು ಗಂಟೆಗೆ ಬರುತ್ತದೆ? ಬಂದುದು ಹೇಗೆ ತಿಳಿಯುತ್ತದೆ? ಸಾಲಿನಲ್ಲಿ ಜಗಳವಾಗುವುದಿಲ್ಲವೆ? ಮಿತವಾಗಿ ಬಳಸಬೇಕೆಂದು ನಿನಗೆ ಯಾವ ದಿನ ಅನಿಸಿತು?” ಕೊನೆಯ ಪ್ರಶ್ನೆಗೆ ಅವಳು ಬಹಳ ಹೊತ್ತು ಸುಮ್ಮನಿದ್ದಳು. ಬಳಿಕ ತಿರುಗಿ ಬರೆದುದು ಹೀಗಿದೆ:

“ನಮ್ಮ ಚಾಳಿನ ಹದಿನಾಲ್ಕು ಮನೆಗಳಿಗೆ ಒಂದೇ ನಲ್ಲಿ. ನೀರು ಬರುವುದು ನಸುಕಿನ ಐದು ಗಂಟೆಗೆ. ಬರುವ ಮೊದಲು ನಲ್ಲಿಯು ಸುಂಯ್ ಎಂದು ಗಾಳಿ ಬಿಡುತ್ತದೆ. ಆ ಸದ್ದಿಗೆ ಅವ್ವ ಎದ್ದು ಕುಳಿತುಕೊಳ್ಳುತ್ತಾಳೆ. ಸಾಲಿನಲ್ಲಿ ಕೊಡಗಳು ಇರುತ್ತವೆ, ಜನರು ಇರುವುದಿಲ್ಲ. ಯಾರ ಕೊಡ ಯಾವುದೆಂದು ಎಲ್ಲರಿಗೂ ಗೊತ್ತು. ಕೊನೆಯ ಮನೆಯ ಅಜ್ಜಿಗೆ ಕೊಡ ಎತ್ತಲು ಆಗುವುದಿಲ್ಲ. ಅದನ್ನು ನಾನು ತುಂಬಿ ಅವರ ಬಾಗಿಲಿನಲ್ಲಿ ಇಡುತ್ತೇನೆ. ಮೇ ತಿಂಗಳಲ್ಲಿ ಒಂದು ದಿನ ನೀರು ಅರ್ಧ ತಾಸು ಮಾತ್ರ ಬಂತು. ಮೊದಲು ಅಜ್ಜಿಯ ಕೊಡ ಇಡು ಎಂದು ಅವ್ವ ಹೇಳಿದಳು. ಆ ದಿನ ನಮಗೆ ಎರಡು ಕೊಡ ಕಡಿಮೆಯಾಯಿತು. ಪಾತ್ರೆ ತೊಳೆದ ನೀರಿನಲ್ಲಿಯೇ ನೆಲ ಒರೆಸಿದೆವು.”

ಎರಡು ಬರಹಗಳನ್ನೂ ಹೋಲಿಸಿ ನೋಡಿರಿ. ಎರಡನೆಯದರಲ್ಲಿ ‘ಮಿತವಾಗಿ ಬಳಸಬೇಕು’ ಎಂಬ ಉಪದೇಶವಿಲ್ಲ, ಆದರೂ ಓದಿದವನಿಗೆ ಅದು ತಿಳಿಯುತ್ತದೆ. ಕಠಿಣ ಪದ ಒಂದೂ ಇಲ್ಲ. ಹೊಸದಾಗಿ ಬಂದ ಪ್ರತಿಯೊಂದು ವಾಕ್ಯವೂ ಜೊತೆಗಾತಿಯ ಒಂದೊಂದು ಪ್ರಶ್ನೆಗೆ ಉತ್ತರವಾಗಿದೆ. ಈ ಪ್ರಶ್ನೆಗಳನ್ನು ನಾನು ಕೇಳಬಹುದಾಗಿತ್ತೆ? ಕೇಳಬಹುದಾಗಿತ್ತು. ಆದರೆ ನಾನು ಕೇಳಿದ್ದರೆ ಅವಳು ಅದನ್ನು ಪರೀಕ್ಷೆಯೆಂದು ಭಾವಿಸುತ್ತಿದ್ದಳು. ಗೆಳತಿ ಕೇಳಿದಾಗ ಅದು ಕುತೂಹಲವೆಂದು ತಿಳಿದಳು. ಆದುದರಿಂದಲೇ ತರಗತಿಯಲ್ಲಿ ಗುರುವಿನಿಂದ ಆಗದ ಕೆಲಸವೊಂದು ಸಹಪಾಠಿಯಿಂದ ಆಗುತ್ತದೆ.

ತಾಳಮದ್ದಳೆಯ ಪಾಠ

ಈ ಕ್ರಮವು ಪರದೇಶದಿಂದ ಬಂದುದೆಂದು ಯಾರೂ ತಿಳಿಯಬಾರದು. ನಮ್ಮ ಕರಾವಳಿಯ ಬಂಧುಗಳು ಮಳೆಗಾಲದಲ್ಲಿ ಈ ನಗರದಲ್ಲಿಯೂ ಏರ್ಪಡಿಸುವ ತಾಳಮದ್ದಳೆಯನ್ನು ನೀವು ನೋಡಿರಬಹುದು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯವನ್ನು ಹಾಡುತ್ತಾರೆ, ಅರ್ಥಧಾರಿಗಳು ಎದುರುಬದುರಾಗಿ ಕುಳಿತು ಆ ಪಾತ್ರವಾಗಿ ಮಾತನಾಡುತ್ತಾರೆ. ಆ ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಕೃಷ್ಣನ ಪಾತ್ರದವರು ಆಡಿದ ಮಾತನ್ನು ಕೌರವನ ಪಾತ್ರದವರು ಕಿವಿಗೊಟ್ಟು ಕೇಳಿದರೆ ಮಾತ್ರ ತಕ್ಕ ಉತ್ತರವನ್ನು ಕೊಡಬಲ್ಲರು. ಎದುರಾಳಿಯು ಸಮರ್ಥನಾಗಿದ್ದಷ್ಟೂ ಅರ್ಥಗಾರಿಕೆ ಕಳೆಕಟ್ಟುತ್ತದೆ. ಹೊಸಬನು ಸಣ್ಣ ಪಾತ್ರವನ್ನು ಹಿಡಿದು ಹಿರಿಯರ ಪಕ್ಕದಲ್ಲಿ ಕುಳಿತು, ತಡವರಿಸುತ್ತ ಕಲಿಯುತ್ತಾನೆ. ದೂರದ ಕುರ್ಚಿಯಲ್ಲಿ ಕುಳಿತು ನೂರು ಪ್ರಸಂಗ ಕೇಳಿದವನು ರಸಿಕನಾಗಬಹುದೇ ಹೊರತು ಅರ್ಥಧಾರಿಯಾಗಲಾರನು. ಬರವಣಿಗೆಯ ತರಗತಿಯೂ ಹಾಗೆಯೇ.

ಕೆಲವು ಸಂದೇಹಗಳು

“ಪರೀಕ್ಷೆಯಲ್ಲಿ ಒಬ್ಬರೇ ಕುಳಿತು ಬರೆಯಬೇಕಲ್ಲ, ಸರ್, ಆಗ ಪ್ರಶ್ನೆ ಕೇಳಲು ಗೆಳೆಯನೆಲ್ಲಿರುತ್ತಾನೆ?” ಎಂದು ಒಬ್ಬ ಹುಡುಗನು ಕೇಳಿದನು. ಒಳ್ಳೆಯ ಪ್ರಶ್ನೆ. ವರ್ಷವಿಡೀ ಗೆಳೆಯನ ಪ್ರಶ್ನೆಗಳನ್ನು ಕೇಳಿಸಿಕೊಂಡವನಿಗೆ ಬರುಬರುತ್ತ ಆ ಪ್ರಶ್ನೆಗಳು ತನ್ನ ಮನಸ್ಸಿನಲ್ಲಿಯೇ ಏಳತೊಡಗುತ್ತವೆ. “ಹಾಗೆಂದರೇನು? ಯಾವಾಗ? ಯಾರು ಹೇಳಿದರು?” ಎಂದು ತನ್ನನ್ನು ತಾನೇ ಕೇಳಿಕೊಳ್ಳಬಲ್ಲವನು ಬರಹಗಾರನಾದನೆಂದೇ ತಿಳಿಯಬೇಕು. ಪರೀಕ್ಷೆಯ ಕೋಣೆಯಲ್ಲಿ ಅವನು ಒಬ್ಬನೇ ಇದ್ದರೂ ಒಂಟಿಯಲ್ಲ.

“ನನ್ನದು ನಾಚಿಕೆಯ ಸ್ವಭಾವ, ಮಾತನಾಡಲು ಆಗುವುದೇ ಇಲ್ಲ” ಎನ್ನುವವರೂ ಇದ್ದಾರೆ. ಅಂಥವರು ಚೀಟಿಯಲ್ಲಿ ಪ್ರಶ್ನೆಯನ್ನು ಬರೆದು ಕೊಡಲಿ. ಗೆಳೆಯನ ವಹಿಯಲ್ಲಿ ತನಗೆ ಹಿಡಿಸಿದ ಸಾಲಿನ ಕೆಳಗೆ ಸೀಸಕಡ್ಡಿಯಿಂದ ಗೆರೆ ಎಳೆಯಲಿ. ಇದೂ ಪಾಲ್ಗೊಳ್ಳುವಿಕೆಯೇ. ಮನಸ್ಸಿಟ್ಟು ಕೇಳುವ ಮೌನವನ್ನು ನಾನು ದೂರುತ್ತಿಲ್ಲ. ಕಂಬದ ಮರೆಯಲ್ಲಿ ಅಡಗಿಕೊಳ್ಳುವ ಮೌನದ ಬಗೆಗಷ್ಟೇ ಎಚ್ಚರಿಸುತ್ತಿದ್ದೇನೆ.

“ಮೊಬೈಲಿನಲ್ಲಿ ಕೇಳಿದರೆ ಪ್ರಬಂಧ ಸಿದ್ಧವಾಗಿ ಬರುತ್ತದೆ; ಇಷ್ಟು ಕಷ್ಟವೇಕೆ?” ಎಂಬುದು ಈಚಿನ ವರ್ಷಗಳ ಸಂದೇಹ. ನನ್ನ ಕಾಲದ ಗೈಡು ಈಗ ಯಂತ್ರವಾಗಿದೆ, ಅಷ್ಟೇ ವ್ಯತ್ಯಾಸ. ನಾನು ಗೈಡಿನಿಂದ ಇಳಿಸಿದ ತಿಳಿನೀರಿನ ನದಿಯು ನನ್ನ ಡೋಣಿಯನ್ನು ಮರೆಸಿಬಿಟ್ಟಿತ್ತು. ನಿಮ್ಮ ಚಾಳಿನ ಕೊನೆಯ ಮನೆಯ ಅಜ್ಜಿಯು ಯಾವ ಯಂತ್ರಕ್ಕೂ ಗೊತ್ತಿಲ್ಲ. ನೀವು ಹೇಳದಿದ್ದರೆ ಅವರ ಮಾತನ್ನು ಹೇಳುವವರು ಬೇರೆ ಯಾರೂ ಇಲ್ಲ.

ಕಾಲೇಜಿಗೆ ಹೋದಾಗ

ಈ ನಗರದ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಹಿಂದಿನಷ್ಟಿಲ್ಲ. ಆದುದರಿಂದ ಕಾಲೇಜಿನ ತರಗತಿಯಲ್ಲಿ ಕನ್ನಡ ಶಾಲೆಯಿಂದ ಬಂದವರು ನೀವೊಬ್ಬರೇ ಇರುವ ಸಂಭವವುಂಟು. ಆಗ ನಾಲ್ಕು ಮಾತುಗಳನ್ನು ನೆನಪಿಟ್ಟುಕೊಳ್ಳಿರಿ. ಮೊದಲ ವಾರದಲ್ಲಿಯೇ ಒಂದು ಪ್ರಶ್ನೆಯನ್ನು ಕೇಳಿರಿ, ಅದು ಎಷ್ಟೇ ಸಣ್ಣದಿರಲಿ. ಮೊದಲ ತಿಂಗಳು ಸುಮ್ಮನಿದ್ದವನಿಗೆ ಎರಡನೆಯ ತಿಂಗಳು ಬಾಯಿ ತೆರೆಯುವುದು ಇಮ್ಮಡಿ ಕಷ್ಟ. ಹೇಳಬೇಕಾದ ವಾಕ್ಯವನ್ನು ಮೊದಲು ಕಾಗದದಲ್ಲಿ ಬರೆದುಕೊಂಡು, ಬೇಕಾದರೆ ಅದನ್ನು ನೋಡಿಯೇ ಓದಿರಿ, ಅದರಲ್ಲಿ ನಾಚಿಕೆಯಿಲ್ಲ. ಇಂಗ್ಲಿಷಿನಲ್ಲಿ ಹೊಳೆಯದಿದ್ದರೆ ಕನ್ನಡದಲ್ಲಿ ಯೋಚಿಸಿ ಕರಡನ್ನು ಕನ್ನಡದಲ್ಲಿಯೇ ಮಾಡಿಕೊಳ್ಳಿರಿ; ಯೋಚನೆ ಗಟ್ಟಿಯಾಗಿದ್ದರೆ ಭಾಷೆಯು ಹಿಂದಿನಿಂದ ಬಂದು ಸೇರುತ್ತದೆ. ಬರಹವನ್ನು ಓದಿಕೊಳ್ಳಲು ಒಬ್ಬ ಜೊತೆಗಾರನನ್ನು ಹುಡುಕಿಕೊಳ್ಳಿರಿ. ಅವನು ನಿಮ್ಮ ಭಾಷೆಯವನೇ ಆಗಬೇಕೆಂದಿಲ್ಲ. ನನಗೆ ದಾರಿ ತೋರಿಸಿದವನು ನನ್ನ ಭಾಷೆಯವನಾಗಿರಲಿಲ್ಲ. ಸೀತನಿಯೆಂದರೇನೆಂದು ಅವನಿಗೆ ಗೊತ್ತಿಲ್ಲದಿದ್ದುದೇ ನನಗೆ ಉಪಕಾರವಾಯಿತು.

ಅಭ್ಯಾಸ

1. ನಿಮ್ಮ ಮನೆಯಲ್ಲಿ ಮಾತ್ರ ಬಳಸುವ, ತರಗತಿಯಲ್ಲಿ ಯಾರಿಗೂ ಗೊತ್ತಿರದ ಒಂದು ಪದವನ್ನು ಆರಿಸಿಕೊಳ್ಳಿರಿ. ಅದರ ಅರ್ಥವನ್ನು ಪಕ್ಕದವರಿಗೆ ಐದು ನಿಮಿಷ ಬಾಯಲ್ಲಿ ಹೇಳಿರಿ. ಬಳಿಕ ಹತ್ತು ನಿಮಿಷ ನಿಲ್ಲದೆ ಬರೆಯಿರಿ.

2. ‘ನಮ್ಮ ಓಣಿಯ ಬೆಳಗು’ ಎಂಬ ವಿಷಯದ ಮೇಲೆ ಹತ್ತು ವಾಕ್ಯ ಬರೆದು ಜೊತೆಗಾರನಿಗೆ ಓದಿ ಹೇಳಿರಿ. ಅವನು ಐದು ಪ್ರಶ್ನೆಗಳನ್ನು ಕೇಳಲಿ. ಉತ್ತರಗಳನ್ನು ಸೇರಿಸಿ ತಿರುಗಿ ಬರೆಯಿರಿ.

3. ಗೆಳೆಯನ ಪ್ರಬಂಧವೊಂದನ್ನು ಕೇಳಿ, ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂಬ ಪದಗಳನ್ನು ಬಳಸದೆ ಮೂರು ವಾಕ್ಯಗಳಲ್ಲಿ ಅಭಿಪ್ರಾಯವನ್ನು ತಿಳಿಸಿರಿ.

ಈ ಮೂರು ಅಭ್ಯಾಸಗಳನ್ನು ಮುಗಿಸಿ ತಂದವರ ವಹಿಯನ್ನು ನಾನು ಸಂತೋಷದಿಂದ ನೋಡುತ್ತೇನೆ. ತಪ್ಪುಗಳಿದ್ದರೆ ಇರಲಿ, ಕೂಡಿ ತಿದ್ದೋಣ. ಮುಂದಿನ ಪ್ರಬಂಧದ ತಾಸಿನಲ್ಲಿ ನಮ್ಮ ತರಗತಿಯ ಸದ್ದು ಪಕ್ಕದ ತರಗತಿಗೂ ಕೇಳಿಸಲಿ. ಅಲ್ಲಿಯ ಗುರುಗಳು ಬಂದು ಆಕ್ಷೇಪಿಸಿದರೆ ಅವರಿಗೆ ಉತ್ತರ ಹೇಳುವ ಹೊಣೆ ನನ್ನದು.